‘ನೊಂದ ಪೋಷಕ’ ಎಂದು ಬರೆದವಳು ನಾನು

ಚೈತ್ರಾ, ಆ ಕಮೆಂಟು ಬರೆದವಳು ನಾನು.

‘ನೊಂದ ಪೋಷಕ’ ಎಂದು ಹೆಸರಿಟ್ಟುಕೊಂಡು, ನಮ್ಮ ಕಾಂಪೌಂಡಿನ ದಾಸವಾಳದ ಫೋಟೋ ಹಾಕಿಕೊಂಡು, ನಿನ್ನ ವಿಡಿಯೋದ ಕೆಳಗೆ ಆರು ಸಾಲು ಬರೆದವರು ನಿಮ್ಮೂರಿನವರಲ್ಲ, ಯಾವ ಮಗುವಿನ ತಂದೆಯೂ ಅಲ್ಲ. ಹೊಳೆನರಸೀಪುರದ ಒಂದು ಟ್ರಸ್ಟಿನ ಗ್ರಂಥಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಪುಸ್ತಕ ಕಾದ ಸುಶೀಲಮ್ಮ ಅನ್ನುವ ಹೆಂಗಸು ಅದನ್ನು ಬರೆದಳು. ಆಗ ನಿನಗೆ ಹನ್ನೆರಡು. ಈಗ ಹದಿನಾರು. ಮೊನ್ನೆಯವರೆಗೆ ಈ ನಾಲ್ಕು ವರ್ಷದಲ್ಲಿ ಯಾರಿಗೂ — ಮನೆಯವರಿಗೂ — ನಾನು ಇದನ್ನು ಹೇಳಿರಲಿಲ್ಲ.

ಚೈತ್ರಾ ನಿನ್ನ ನಿಜವಾದ ಹೆಸರಲ್ಲ, ಈ ಕಾಗದಕ್ಕೆಂದು ನಾನಿಟ್ಟದ್ದು. ಮಗುವಿನ ಹೆಸರನ್ನಾಗಲಿ ಮುಖವನ್ನಾಗಲಿ ಕೇಳದೆ ಹತ್ತು ಜನರ ಮುಂದೆ ಇಡಬಾರದು ಅನ್ನುವುದು ನಿಮ್ಮೂರಿನ ಗ್ರಂಥಾಲಯದ ಭಾಗ್ಯ ಮಾಡಿಕೊಂಡ ನಿಯಮ. ಅದನ್ನು ನಾನೇ ಮುರಿದರೆ ಇನ್ನೇನು ಉಳಿಯಿತು? ಈ ಕಾಗದ ಮೊದಲು ನಿನ್ನ ಕೈಗೆ ಬರುತ್ತದೆ. ನೀನು ಓದಿ, ಹಾಕಬಹುದು ಎಂದರೆ ಮಾತ್ರ ಭಾಗ್ಯ ಇದನ್ನು ತನ್ನ ಬ್ಲಾಗಿಗೆ ಹಾಕುತ್ತಾಳೆ. ಬೇರೆಯವರೂ ಓದಬಹುದೆಂದು, ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ನಾನು ಎಂಥವಳು ಎಂದು ಮೊದಲು ಹೇಳಿಬಿಡಬೇಕು. ನನ್ನ ಗ್ರಂಥಾಲಯದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದು ಇರುತ್ತಿರಲಿಲ್ಲ. ಗಾಜಿನ ಬೀರುಗಳಿಗೆಲ್ಲ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಪುಸ್ತಕ ಬೇಕಾದವರು ಚೀಟಿ ಬರೆದು ಕೊಡಬೇಕು, ನಾನು ತೆಗೆದು ಕೊಡಬೇಕು. ಮಕ್ಕಳಾದರೆ ಮೊದಲು ಕೈ ತೋರಿಸಬೇಕು. ಕಡ್ಲೇಕಾಯಿ ತಿಂದ ಕೈ, ಮಾವಿನಹಣ್ಣಿನ ಕೈ — ಹೊರಗೆ ನಲ್ಲಿ ಇದೆ, ತೊಳೆದು ಬಾ, ಎನ್ನುತ್ತಿದ್ದೆ. ತೊಳೆಯಲು ಹೋದವರಲ್ಲಿ ಎಷ್ಟೋ ಮಕ್ಕಳು ಹಾಗೇ ಮನೆಗೆ ಹೋಗಿಬಿಡುತ್ತಿದ್ದವು. ಅದು ನನಗೆ ಕಾಣುತ್ತಿತ್ತು. ಕಂಡೂ ಸುಮ್ಮನಿರುತ್ತಿದ್ದೆ, ಯಾಕೆಂದರೆ ಪುಸ್ತಕ ಚೊಕ್ಕಟವಾಗಿ ಉಳಿಯುತ್ತಿತ್ತಲ್ಲ! ಹಾಸನದಿಂದ ಗ್ರಂಥಾಲಯ ನೋಡಲು ಬಂದವರು, ‘ಇಷ್ಟು ಅಚ್ಚುಕಟ್ಟಾಗಿ ಇಟ್ಟವರನ್ನು ನಾವು ನೋಡೇ ಇಲ್ಲ ಮೇಡಂ’ ಎಂದಾಗ ನನಗೆ ಎರಡು ದಿನ ಊಟ ರುಚಿಸುತ್ತಿತ್ತು.

ಭಾಗ್ಯ ನನ್ನ ಹತ್ತಿರ ಮೂರು ತಿಂಗಳು ಕೆಲಸ ಕಲಿತವಳು. ಅರಕಲಗೂಡಿನ ಆಚೆ, ನಿಮ್ಮೂರಿನ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರುವುದಕ್ಕೆ ಮುಂಚಿನ ಮಾತು. ಲೇಬಲ್ ಅಂಟಿಸುವುದು, ಬೆನ್ನು ಕಿತ್ತ ಪುಸ್ತಕಕ್ಕೆ ಮೈದಾ ಅಂಟು ಹಾಕುವುದು, ಪುಸ್ತಕ ಬಂದ ದಿನವೇ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು ಕೊಡುವುದು — ಎಲ್ಲ ನಾನೇ ಹೇಳಿಕೊಟ್ಟದ್ದು. ಕೆಲಸದಲ್ಲಿ ಚುರುಕು. ಆದರೆ ಬಾಯಿ ಜಾಸ್ತಿ. ಮಕ್ಕಳು ಬಂದರೆ ನೆಲದ ಮೇಲೆ ಅವುಗಳ ಜೊತೆ ಕೂತುಬಿಡುತ್ತಿದ್ದಳು. ‘ಏಳು ಮೇಲೆ, ಸೀರೆ ಮಣ್ಣಾಗುತ್ತೆ’ ಎಂದು ನಾನು ಗದರಿದರೆ, ‘ಒಗುದ್ರೆ ಓಯ್ತದೆ ಬುಡಿ ಮೇಡಂ’ ಎನ್ನುತ್ತಿದ್ದಳು. ಹೊರಡುವ ದಿನ ನಮ್ಮಲ್ಲಿ ಎರಡೆರಡು ಪ್ರತಿ ಇದ್ದ ಮಕ್ಕಳ ಪುಸ್ತಕಗಳನ್ನು ಒಂದು ಚೀಲ ತುಂಬಿ ಅವಳಿಗೆ ಕೊಟ್ಟೆ. ನನ್ನ ಶಿಷ್ಯೆ ಎಂದು ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ.

ನಿಮ್ಮೂರಿನಲ್ಲಿ ಅವಳು ಏನು ಮಾಡಿದಳೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ನಾನು ಅದನ್ನು ದೂರದಿಂದ, ನನ್ನ ಮೊಬೈಲಿನಲ್ಲಿ, ಹೊಟ್ಟೆಕಿಚ್ಚು ಪಡುತ್ತ ನೋಡಿದವಳು. ಹಾಗೆ ನೋಡಿದವರಿಗೆ ಪ್ರತಿ ವಿವರವೂ ನೆನಪಿರುತ್ತದೆ. ಅವಳು ಫೇಸ್‌ಬುಕ್ಕಿನಲ್ಲಿ ‘ಆಮೇಲೆ’ ಎಂದು ಒಂದು ಪೇಜು ತೆರೆದಳು. ಪ್ರತಿ ವಿಡಿಯೋದಲ್ಲೂ ಒಂದು ಮಗು ಪುಸ್ತಕ ಹಿಡಿದು ನಿಂತು, ತನ್ನದೇ ಮಾತಿನಲ್ಲಿ, ಅರ್ಧ ಕಥೆ ಹೇಳಬೇಕು. ಸರಿಯಾಗಿ ಬಿಸಿ ಏರಿದ ಜಾಗದಲ್ಲಿ ನಿಲ್ಲಿಸಿ, ‘ಆಮೇಲೆ? ಲೈಬ್ರರೀಗ್ ಬನ್ನಿ’ ಎನ್ನಬೇಕು. ಅಷ್ಟೇ. ಓದಿ, ಓದುವುದು ಒಳ್ಳೆಯದು, ಮೊಬೈಲು ಬಿಡಿ — ಇಂಥ ಒಂದು ಮಾತೂ ಆ ಪೇಜಿನಲ್ಲಿ ಇರಲಿಲ್ಲ. ನಾನಾಗಿದ್ದರೆ ಅದೇ ಮೂರು ಮಾತು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ಬ್ಲಾಗು ಬೇರೆ. ಅದರಲ್ಲಿ ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡಿ ಹಾಕುತ್ತಿದ್ದಳು. ಒಂದು ಹೆಣ್ಣುಮಗು, ‘ಈ ಪುಸ್ತಕದಾಗೆ ಆನೆ ಸತ್ತೋಯ್ತದೆ, ಅದುಕ್ಕೆ ನಂಗ್ ಈ ಪುಸ್ತಕ ಇಷ್ಟ ಇಲ್ಲ, ಆದ್ರೂ ಎರ್ಡು ಸಲ ಓದುದ್ದೆ’ ಎಂದಿತ್ತು. ಭಾಗ್ಯ ಅದರಲ್ಲಿ ಒಂದಕ್ಷರ ತಿದ್ದಲಿಲ್ಲ. ಕೆಳಗೆ, ‘ನಾನೂ ಅತ್ತೆ ಕಣವ್ವ’ ಎಂದಷ್ಟೇ ಬರೆದಳು. ಆ ಸಾಲಿನ ಕೆಳಗೆ ಬೇರೆ ಬೇರೆ ಊರಿನ ಮಕ್ಕಳು — ಚನ್ನರಾಯಪಟ್ಟಣ, ಹರದನಹಳ್ಳಿ, ದೊಡ್ಡಗದ್ದವಳ್ಳಿ — ತಾವೂ ಅತ್ತದ್ದನ್ನು ಬರೆದವು. ನನ್ನ ಸಲಹಾ ಪುಸ್ತಕ ಮೇಜಿನ ಮೇಲೆ ದಾರ ಕಟ್ಟಿಕೊಂಡು ಇಪ್ಪತ್ತು ವರ್ಷ ಬಿದ್ದಿತ್ತು. ಅದರಲ್ಲಿ ಫ್ಯಾನು ರಿಪೇರಿ ಮಾಡಿಸಿ ಎಂಬುದರ ಹೊರತು ಯಾರೂ ಏನೂ ಬರೆದಿರಲಿಲ್ಲ.

ಅವಳ ಇನ್ನೊಂದು ಉಪಾಯ ನನ್ನನ್ನು ಬೆರಗಾಗಿಸಿತು. ಯಾರಾದರೂ ಪುಸ್ತಕ ಮನೆಗೆ ಒಯ್ದರೆ, ಬೀರುವಿನಲ್ಲಿ ಆ ಪುಸ್ತಕ ಇದ್ದ ಖಾಲಿ ಜಾಗದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದಳು. ‘ಇಲ್ಲಿದ್ದ ಪುಸ್ತಕ ಈಗ ಒಬ್ಬರ ಮನೇಲದೆ. ಬುಧವಾರ ಬತ್ತದೆ. ಆಮೇಲೆ ಯಾರಿಗೆ?’ ಬೀರುವಿನಲ್ಲಿ ಇದ್ದಾಗ ಯಾರೂ ಮುಟ್ಟದ ಪುಸ್ತಕಕ್ಕೆ, ಅದು ಇಲ್ಲ ಎಂದ ಕೂಡಲೇ ಆರು ಜನ ಸಾಲು ನಿಂತರು. ನನ್ನ ಬೀರುಗಳಲ್ಲಿ ಒಂದು ಬೆರಳು ತೂರುವಷ್ಟೂ ಖಾಲಿ ಜಾಗ ಇರಲಿಲ್ಲ. ಅದನ್ನು ಹೆಮ್ಮೆ ಎಂದುಕೊಂಡಿದ್ದೆ. ಆ ಫೋಟೋ ನೋಡಿದ ದಿನ ಮೊದಲ ಸಲ ನಾಚಿಕೆಯಾಯಿತು. ಆ ನಾಚಿಕೆಯನ್ನು ಹಾಗೇ ಇಟ್ಟುಕೊಂಡು ಕಲಿಯಬಹುದಾಗಿತ್ತು. ಆದರೆ ನಾನು —

ಒಂದು ಬೆಳಿಗ್ಗೆ ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಒಂದೇ ಮೊಬೈಲಿಗೆ ತಲೆ ತೂರಿಸಿಕೊಂಡಿದ್ದರು. ಯಾವುದೋ ಸಿನಿಮಾ ಇರಬೇಕೆಂದು ಮೂಗು ಮುರಿದೆ. ಅಷ್ಟರಲ್ಲಿ ಒಬ್ಬಳು, ‘ಅಯ್ಯೋ, ಆಮೇಲ್ ಏನಾಯ್ತಂತೆ ಕಣೇ?’ ಎಂದಳು. ಬಗ್ಗಿ ನೋಡಿದರೆ — ಭಾಗ್ಯಳ ಪೇಜು. ನನ್ನ ಅಷ್ಟು ವರ್ಷದ ಕೆಲಸದಲ್ಲಿ, ಬಸ್ಸಿನಲ್ಲಿ, ಬೀದಿಯಲ್ಲಿ, ನನ್ನ ಯಾವ ಪುಸ್ತಕದ ಬಗ್ಗೆಯೂ ಯಾರೂ ಹಾಗೆ ಕೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಆ ತಿಂಗಳಲ್ಲೇ ಹಾಸನದಲ್ಲಿ ಗ್ರಂಥಪಾಲಕರ ಒಂದು ಸಭೆ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಭಾಗ್ಯಳನ್ನು ವೇದಿಕೆಗೆ ಕರೆದರು. ಅವಳಿಗೆ ಭಾಷಣ ಬರುವುದಿಲ್ಲ. ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿದಳು. ನನ್ನ ಕಡೆ ಕೈ ತೋರಿಸಿ, ‘ನಮ್ ಮೇಡಂ ನಂಗೆ ಪುಸ್ತಕಾವ ಎಂಗೆ ಜ್ವಾಪಾನ ಮಾಡದು ಅಂತ ಕಲ್ಸುದ್ರು. ನಮ್ಮೂರ್ ಐಕ್ಳು ಎಂಗೆ ಕೊಟ್ಬುಡದು ಅಂತ ಕಲ್ಸುದ್ವು’ ಎಂದಳು. ಸಭೆ ಚಪ್ಪಾಳೆ ತಟ್ಟಿತು. ಕೆಲವರು ನಕ್ಕರು. ಅವಳು ಪ್ರೀತಿಯಿಂದ ಹೇಳಿದಳೆಂದು ಈಗ ಗೊತ್ತು. ಅವಳ ಮುಖದಲ್ಲಿ ನನ್ನ ಹೆಸರು ಹೇಳಿದ ಖುಷಿ ಇತ್ತು, ಅದೂ ಕಂಡಿತ್ತು. ನಾನು ಮಾತ್ರ ಆ ನಗುವನ್ನಷ್ಟೇ ಮನೆಗೆ ತೆಗೆದುಕೊಂಡು ಹೋದೆ.

ಅದೇ ವಾರ ನಿನ್ನ ವಿಡಿಯೋ ಬಂತು, ಚೈತ್ರಾ.

ಎರಡು ಜಡೆ, ಶಾಲೆಯ ನೀಲಿ ಲಂಗ, ಕೈಯಲ್ಲಿ ಸಣ್ಣ ಪುಸ್ತಕ. ಕೆರೆಯಲ್ಲಿ ಈಜು ಕಲಿಯಲು ಹಟ ಹಿಡಿದ ಒಬ್ಬ ಹುಡುಗಿಯ ಕಥೆ. ನೀನು ಆ ಹುಡುಗಿಯ ಅಮ್ಮನಾಗಿ ಬೈದೆ, ಕೆರೆಯ ಎಮ್ಮೆಯಾಗಿ ಮೂಗಿನಿಂದ ನೀರು ಚಿಮ್ಮಿಸಿದೆ, ಕೊನೆಗೆ ಉಸಿರು ಕಟ್ಟಿ ಕಣ್ಣು ಮುಚ್ಚಿ, ‘ಕಾಲ್ ಕೆಳುಗ್ ನೆಲಾನೇ ಇಲ್ಲ’ ಎಂದು ನಿಲ್ಲಿಸಿದೆ. ಆಮೇಲೆ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಕ್ಕೆ. ಎಷ್ಟು ಜನ ಅದನ್ನು ಹಂಚಿಕೊಂಡರೋ! ಹಾಸನದ ಮೇಷ್ಟರುಗಳು, ಚನ್ನರಾಯಪಟ್ಟಣದ ಗ್ರಂಥಪಾಲಕಿ, ಗುರುತು ಪರಿಚಯ ಇಲ್ಲದ ಅಮ್ಮಂದಿರು. ನಾನು ಅದನ್ನು ಹನ್ನೊಂದು ಸಲ ನೋಡಿದೆ. ಸುಳ್ಳು ಹೇಳುವುದಿಲ್ಲ, ಪ್ರತಿ ಸಲವೂ ನನ್ನ ಮೈ ಜುಮ್ಮೆಂದಿತು. ಆ ಪುಸ್ತಕ ನನಗೆ ಗೊತ್ತಿತ್ತು — ನಾನೇ ಚೀಲಕ್ಕೆ ತುಂಬಿ ಕೊಟ್ಟದ್ದು. ನನ್ನ ಬೀರುವಿನಲ್ಲಿ ಹದಿನಾಲ್ಕು ವರ್ಷ ಇತ್ತು. ಅದರೊಳಗೆ ಒಂದು ಎಮ್ಮೆ ಇದೆ ಎಂಬುದೇ ನನಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ಓದುವ ಕೋಣೆಯಲ್ಲಿ ಇಬ್ಬರು ಪೆನ್ಷನ್ದಾರರು ಪೇಪರಿನ ಹಿಂದೆ ತೂಕಡಿಸುತ್ತಿದ್ದರು. ನನ್ನ ಮೇಜಿನ ಮುಂದೆ, ನನ್ನ ಕುರ್ಚಿಯಲ್ಲೇ ಕೂತು, ಹೊಸ ಖಾತೆ ತೆರೆದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ನೀನು ನನ್ನ ಮೇಲೆ ಸ್ವಲ್ಪ ಕನಿಕರ ಪಡಬಹುದು. ಆದರೆ ಇಲ್ಲ, ನಡುಗಲಿಲ್ಲ. ಬರೆದದ್ದು ಇಷ್ಟು:

‘ವಯಸ್ಸಿಗೆ ಬರುತ್ತಿರುವ ಹೆಣ್ಣುಮಕ್ಕಳ ಮುಖವನ್ನು ಹೀಗೆ ಊರೂರಿಗೆ ತೋರಿಸುವುದು ಎಷ್ಟು ಸರಿ? ಮನೆಯವರನ್ನು ಕೇಳಿದ್ದೀರಾ? ನಾಳೆ ಏನಾದರೂ ಆದರೆ ಯಾರು ಹೊಣೆ?’ ಆಮೇಲೆ ಪುಸ್ತಕದ ಹೆಸರು ಬರೆದು, ಅದರ ಪಕ್ಕದಲ್ಲಿ ನಂಬರು ಬರೆದು, ‘ಇಂಥ ಪುಸ್ತಕದ ನೆಪದಲ್ಲಿ ಹುಡುಗಿಯರನ್ನು ಕುಣಿಸಬೇಡಿ. — ನೊಂದ ಪೋಷಕ’ ಎಂದು ಮುಗಿಸಿದೆ.

ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಮಗು. ನನಗೂ ಒಮ್ಮೆ ಹನ್ನೆರಡು ವರ್ಷವಾಗಿತ್ತು. ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಕಥೆ ಓದುತ್ತಿದ್ದಾಗ ನಮ್ಮ ದೊಡ್ಡಪ್ಪ ಬಂದು, ‘ಎಣ್ಮಗ ದನಿ ಬೀದಿಗ್ ಕೇಳುಸ್ಬಾರ್ದು, ಒಳುಕ್ ಓಗು’ ಎಂದಿದ್ದರು. ಒಳಗೆ ಹೋದೆ. ಅಂದಿನಿಂದ ಬಾಯಿ ಬಿಟ್ಟು ಓದಿದವಳಲ್ಲ. ಆ ಮಾತು ಎಷ್ಟು ದಿನ ಎದೆಯಲ್ಲಿ ಕೂತಿರುತ್ತದೆ ಎಂದು ತಿಳಿದವಳು ನಾನು. ತಿಳಿದೂ ಅದನ್ನೇ ಹುಡುಕಿ ತೆಗೆದು ನಿನ್ನ ಮೇಲೆ ಎಸೆದೆ. ಇದನ್ನು ನೆಪವೆಂದು ಹೇಳುತ್ತಿಲ್ಲ. ನನ್ನ ತಪ್ಪನ್ನು ಇದು ಇನ್ನೂ ಹೆಚ್ಚು ಮಾಡುತ್ತದೆ ಎಂದೇ ಹೇಳುತ್ತಿದ್ದೇನೆ.

ಮುಂದಿನದು ಬೇಗ ಬೇಗ ಆಯಿತು. ಯಾರೋ ಆ ಕಮೆಂಟಿನ ಫೋಟೋ ಹಿಡಿದು ನಿಮ್ಮೂರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮಾರನೇ ದಿನ ಏಳು ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಗ್ರಂಥಾಲಯಕ್ಕೆ ಕಳಿಸಲಿಲ್ಲ. ನಿಮ್ಮಪ್ಪ ಗ್ರಂಥಾಲಯದ ಬಾಗಿಲಿಗೇ ಬಂದು, ಇನ್ನು ನಮ್ಮ ಮಗಳ ಹೆಸರು ಎತ್ತಬೇಡಿ ಎಂದು ಹೇಳಿ ಹೋದರಂತೆ. ಊರಿನಲ್ಲಿ ಮರ್ಯಾದೆ ಇರುವ ಮನೆ, ನಾಲ್ಕು ಜನ ಬಾಯಿಗೆ ಹಾಕಿಕೊಂಡರೆ ಸಹಿಸುವವರಲ್ಲ.

ಮೂರನೇ ದಿನ ಭಾಗ್ಯ ನನಗೆ ಫೋನು ಮಾಡಿದಳು. ಯಾವಾಗಲೂ ಗಲಗಲ ಎನ್ನುವವಳು ಅಂದು ಬಹಳ ನಿಧಾನವಾಗಿ ಮಾತಾಡಿದಳು.

‘ಮೇಡಂ, ನಮ್ ಪೇಜಲ್ಲಿ ಯಾರೋ ಒಂದು ಕಮೆಂಟ್ ಆಕವ್ರೆ. ನೋಡುದ್ರಾ?’

‘ನಾನು ಫೇಸ್‌ಬುಕ್ ಎಲ್ಲಾ ನೋಡಲ್ಲ ಕಣಮ್ಮ’ ಎಂದೆ.

‘ನೋಡ್ಲಿಲ್ವಾ ಮೇಡಂ?’ ಎಂದು ಮತ್ತೊಮ್ಮೆ ಕೇಳಿದಳು. ಇಲ್ಲ ಎಂದೆ. ಸುಮ್ಮನಿದ್ದಿದ್ದರೂ ಆಗುತ್ತಿತ್ತು — ನನ್ನ ನಾಲಿಗೆ ಸುಮ್ಮನಿರಲಿಲ್ಲ. ‘ಇದಕ್ಕೇ ನಾನು ಹೇಳ್ತಿದ್ದದ್ದು. ಗ್ರಂಥಾಲಯ ಗ್ರಂಥಾಲಯದ ಹಾಗೆ ಇರಬೇಕು. ಆ ಪೇಜು ಮುಚ್ಚಿಬಿಡು.’ ‘ಆಯ್ತು ಮೇಡಂ’ ಎಂದು ಅವಳು ಫೋನಿಟ್ಟಳು. ನಾನು ಗೆದ್ದೆ ಎಂದುಕೊಂಡೆ. ಚಹಾ ಮಾಡಿಕೊಂಡು ಕುಡಿದೆ.

ಅವಳು ಮುಚ್ಚಲಿಲ್ಲ. ಸಂಜೆಗೆ ನನ್ನ ಕಮೆಂಟಿನ ಕೆಳಗೇ ಉತ್ತರ ಬರೆದಳು: ‘ನೀವು ಕೇಳಿದ್ದು ಸರಿಯಾಗಿದೆ. ಮನೆಯವರನ್ನು ಕೇಳದೆ ಹಾಕಿದ್ದು ನನ್ನ ತಪ್ಪು. ಇವತ್ತಿನಿಂದ ಕೇಳುತ್ತೇನೆ.’ ಮಕ್ಕಳ ಮುಖವಿದ್ದ ವಿಡಿಯೋಗಳನ್ನೆಲ್ಲ ತೆಗೆದಳು. ನಿನ್ನದನ್ನೂ ತೆಗೆದಳು; ಅದರ ಕೆಳಗಿದ್ದ ಮಾತುಕತೆ ಮಾತ್ರ ಉಳಿಯಲೆಂದು, ಅದರ ಫೋಟೋ ಹಿಡಿದು ಖಾಲಿ ಬೀರುವಿನ ಚಿತ್ರದ ಜೊತೆ ಮತ್ತೆ ಹಾಕಿದಳು. ಆಮೇಲೆ ಮನೆಮನೆಗೆ ನಡೆದಳು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಮುಂದೆ, ಶುಂಠಿ ಹೊಲದ ಬದುವಿನ ಮೇಲೆ, ಹಾಲಿನ ಡೈರಿಯ ಸಾಲಿನಲ್ಲಿ ನಿಂತು ತಾಯಂದಿರ ಜೊತೆ ಮಾತಾಡಿದಳು. ಮುಖ ಬೇಡ, ಹೆಸರು ಬೇಡ, ಬರೀ ಪುಸ್ತಕ ಹಿಡಿದ ಕೈ, ಬರೀ ದನಿ — ಆಗಬಹುದಾ, ಬೇಡವಾ? ಬೇಡ ಎಂದವರಿಗೆ ಎದುರು ಮಾತಾಡಲಿಲ್ಲ. ಯೋಚನೆ ಮಾಡುತ್ತೇವೆ ಎಂದವರಿಗೆ, ‘ನೀವೂ ಬನ್ನಿ, ನೀವೇ ಮೊಬೈಲ್ ಇಡ್ಕಳಿ’ ಎಂದಳು.

ಬಂದರು. ಅಮ್ಮಂದಿರು ಮೊಬೈಲು ಹಿಡಿದು ವಿಡಿಯೋ ಮಾಡಿದರು. ಪುಸ್ತಕ ಹಿಡಿದ ಕೈಗಳು ಪೇಜಿನ ತುಂಬ ಬಂದವು — ಮದರಂಗಿ ಹಚ್ಚಿದ್ದು, ಶಾಯಿ ಮೆತ್ತಿದ್ದು, ಉಗುರಲ್ಲಿ ಹೊಲದ ಮಣ್ಣಿದ್ದದ್ದು. ತೊಳೆದು ಬಾ ಎಂದು ನಾನು ಅಟ್ಟಿದ ಕೈಗಳೇ ಅವು. ಅದನ್ನು ನೋಡುತ್ತ ಒಬ್ಬಳೇ ಕೂತು ಅತ್ತೆ. ಚನ್ನರಾಯಪಟ್ಟಣದ ಗ್ರಂಥಪಾಲಕಿಯೂ ಅದೇ ನಿಯಮ ಮಾಡಿಕೊಂಡಳು. ನಿಮ್ಮೂರಿನ ಮಗು ಅರ್ಧ ಹೇಳಿದರೆ, ಅಲ್ಲಿಯ ಮಗು ಮುಂದೇನಾಗಿರಬಹುದೆಂದು ಊಹಿಸಿ ಹೇಳುವುದು. ಆಮೇಲೆ ಎರಡೂ ಕಡೆಯವರು ಪುಸ್ತಕ ತೆಗೆದು ಯಾರ ಊಹೆ ಸರಿ ಎಂದು ನೋಡುವುದು. ಎರಡು ತಾಲ್ಲೂಕಿನ ಮಕ್ಕಳು ಒಂದು ಪುಸ್ತಕಕ್ಕಾಗಿ ಜಗಳ ಆಡುತ್ತಿದ್ದರು. ಗ್ರಂಥಪಾಲಕಿ ಎಂದು ಕರೆಸಿಕೊಂಡವಳಿಗೆ ಇದಕ್ಕಿಂತ ದೊಡ್ಡ ಸಂತೋಷ ಇನ್ನೇನಿದೆ?

ನನ್ನ ಕಮೆಂಟಿನಿಂದಲೇ ಒಳ್ಳೆಯದಾಯಿತು ಎಂದು ಯಾರಾದರೂ ಹೇಳಿಯಾರು. ನಾನೂ ಕೆಲವು ಸಂಜೆ ಹಾಗೆ ಹೇಳಿಕೊಂಡು ಮನಸ್ಸನ್ನು ಸಮಾಧಾನ ಮಾಡಿದ್ದುಂಟು. ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಕೇಳಿದವಳಿಗೆ ಉತ್ತರ ಬೇಕಾಗಿರಲಿಲ್ಲ. ಭಾಗ್ಯ ಅದರಿಂದ ಒಳ್ಳೆಯದನ್ನು ತೆಗೆದದ್ದು ಭಾಗ್ಯಳ ದೊಡ್ಡತನ, ಅದರಲ್ಲಿ ನನಗೆ ಪಾಲಿಲ್ಲ. ಇಷ್ಟಕ್ಕೂ, ಏಳು ಮನೆಗಳಲ್ಲಿ ಆರು ಮನೆಯ ಮಕ್ಕಳು ಮರಳಿ ಬಂದರು. ನೀನು ಬರಲಿಲ್ಲ.

ನಾನು ಕಳೆದ ವರ್ಷ ನಿವೃತ್ತಳಾದೆ. ಕಳೆದ ತಿಂಗಳು ಭಾಗ್ಯ ಕರೆದಳು: ಮಕ್ಕಳು ಓದಿ ಓದಿ ಪುಸ್ತಕಗಳು ಹರಿದಿವೆ, ಬೈಂಡಿಂಗ್ ಹೇಳಿಕೊಡಿ ಬನ್ನಿ, ಎಂದು. ಹೋದೆ. ಅರಕಲಗೂಡಿನ ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು, ಮೊದಲ ಸಲ ಅವಳ ಗ್ರಂಥಾಲಯ ನೋಡಿದೆ. ಒಂದೇ ಕೋಣೆ. ಬೀಗ ಇಲ್ಲ. ಒಂದು ಪುಸ್ತಕವೂ ನೆಟ್ಟಗೆ ನಿಂತಿಲ್ಲ. ಬಾಗಿಲ ಪಕ್ಕ ಇಬ್ಬರು ಹುಡುಗಿಯರು ಒಂದು ಪುಸ್ತಕವನ್ನು ಆ ಕಡೆ ಈ ಕಡೆ ಎಳೆಯುತ್ತಿದ್ದರು — ಬೆನ್ನು ಹೋಗುತ್ತೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಬೀರುವಿನಲ್ಲಿ ಆ ಕೆರೆಯ ಪುಸ್ತಕ ಇತ್ತು. ತೆಗೆದೆ. ನಾನು ಕೊಟ್ಟಾಗ ಬೆನ್ನಿನ ಮೇಲೆ ನನ್ನ ಗ್ರಂಥಾಲಯದ ನಂಬರು ಇತ್ತು, 3862. ಭಾಗ್ಯ ಅದರ ಮೇಲೆ ತನ್ನ ಗ್ರಂಥಾಲಯದ ಲೇಬಲ್ ಅಂಟಿಸಿ ಬೇರೆ ನಂಬರು ಕೊಟ್ಟಿದ್ದಾಳೆ: 117. ನೋಡುತ್ತ ನಿಂತೆ. ನಿಂತ ಹಾಗೇ ನನಗೆ ಹೊಳೆಯಿತು. ಪುಸ್ತಕದ ಹೆಸರು ಬರೆದರೆ ಪಕ್ಕದಲ್ಲಿ ಅದರ ನಂಬರು ಬರೆಯದೆ ನನ್ನ ಕೈ ಮುಂದೆ ಹೋಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಚಾಳಿ. ಆ ದಿನ ‘ನೊಂದ ಪೋಷಕ’ ಬರೆದ ನಂಬರು 3862. ಯಾವ ಪೋಷಕನಿಗೆ ಅದು ಗೊತ್ತಿರುತ್ತದೆ? ಇಡೀ ಜಿಲ್ಲೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ — ಹಾಕಿದ ನಾನು, ಅದರ ಮೇಲೆ ಲೇಬಲ್ ಅಂಟಿಸಿದ ಅವಳು.

ತಿರುಗಿ ನೋಡಿದೆ. ಭಾಗ್ಯ ಅಂಟಿನ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

‘ಅವತ್ತೇ ಗೊತ್ತಾಯ್ತು ಮೇಡಂ’ ಎಂದಳು.

‘ಗೊತ್ತಿದ್ದೂ ಯಾಕೆ ನನ್ನ ಕೇಳಲಿಲ್ಲ?’

‘ಕೇಳುದ್ನಲ್ಲ ಮೇಡಂ. ಫೋನ್ ಮಾಡಿ ಎರ್ಡು ಸಲ ಕೇಳುದ್ನಲ್ಲ.’

ಇಷ್ಟು ವರ್ಷ ಯುಗಾದಿಗೆ, ಗೌರಿ ಹಬ್ಬಕ್ಕೆ ತಪ್ಪದೆ ಫೋನು ಮಾಡಿ ‘ಊಟ ಆಯ್ತಾ ಮೇಡಂ’ ಎಂದು ಕೇಳಿದವಳು, ಎಲ್ಲ ಗೊತ್ತಿದ್ದೇ ಕೇಳುತ್ತಿದ್ದಳು. ಕಾಲು ಹಿಡಿಯಲು ಬಗ್ಗಿದೆ. ಅವಳು ಗಾಬರಿಯಾಗಿ ಬಟ್ಟಲು ಕೆಳಗಿಟ್ಟು ನನ್ನ ತೋಳು ಹಿಡಿದಳು. ‘ಬ್ಯಾಡಿ ಮೇಡಂ, ದೊಡ್ಡೋರು ನೀವು. ನಂಗೇನೂ ಆಗ್ನಿಲ್ಲ. ನಾನ್ ಎಂಗೋ ಮಾಡ್ಕಂಡೆ. ಆ ಎಣ್ಮಗೀಗ್ ಯೋಳಿ’ ಎಂದಳು. ಆಗ ನಿನ್ನ ವಿಷಯ ಹೇಳಿದಳು. ನಿನ್ನ ಅಜ್ಜಿ ದಿನಾ ಡೈರಿಗೆ ಹಾಲು ಹಾಕಲು ಬಂದಾಗ, ವಾಪಸು ಹೋಗುವ ಕ್ಯಾನಿನ ಚೀಲದಲ್ಲಿ ಒಂದು ಪುಸ್ತಕ ಇಟ್ಟು ಕಳಿಸುತ್ತಾಳಂತೆ. ನಾಲ್ಕು ವರ್ಷದಿಂದ. ನೀನು ಒಂದನ್ನೂ ಬಿಡದೆ ಓದಿದ್ದೀಯಂತೆ. ಗ್ರಂಥಾಲಯದಲ್ಲಿರುವ ಕಥೆಪುಸ್ತಕವೆಲ್ಲ ಮುಗಿಸಿದ ಒಬ್ಬಳೇ ಒಬ್ಬಳು ನೀನಂತೆ. ಆದರೆ ಕಾಲೇಜಿನಲ್ಲಿ ಯಾರು ಕರೆದರೂ ಎದ್ದು ನಿಂತು ಮಾತಾಡುವುದಿಲ್ಲವಂತೆ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತೀಯಂತೆ. ಕಣ್ಣು ಮುಚ್ಚಿ ಉಸಿರು ಕಟ್ಟಿ ಇಡೀ ಜಿಲ್ಲೆಯನ್ನು ನಿಲ್ಲಿಸಿದ ಹುಡುಗಿ ಹಾಗಾದಳು, ನನ್ನಿಂದ.

ಮೊನ್ನೆ ನಿಮ್ಮ ಮನೆಗೆ ಬಂದದ್ದು ಇದನ್ನು ಹೇಳುವುದಕ್ಕೇ. ಜಗಲಿಯ ಮೇಲೆ ನಿಮ್ಮಪ್ಪನ ಎದುರು ಕೂತು, ಎಲ್ಲವನ್ನೂ ಹೇಳಿದೆ. ಕೋಪ ಮಾಡಿಕೊಳ್ಳುತ್ತಾರೆ ಎಂದು ಕಾದೆ, ಮಾಡಿಕೊಳ್ಳಲಿಲ್ಲ. ‘ಪಕ್ಕದ್ ಮನೆಯೋರೇ ಬರ್ದುದ್ದು ಅಂದ್ಕಂಡು ಅವ್ರ ತಾವ ಮಾತ್ ಬುಟ್ಟು ನಾಕ್ ವರ್ಸ ಆಯ್ತು’ ಎಂದರು. ಆಮೇಲೆ, ‘ಬರ್ದೋರು ನೀವು ಮೇಡಂ, ಸರಿ. ಆದ್ರೆ ಬಾಗ್ಲಾಕುದ್ದು ನಾನಲ್ವಾ. ಎಣ್ಮಗ ನನ್ ತಾವ್ಲೂ ಈಗ ಮಾತು ಕಮ್ಮಿ’ ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಹೊಣೆಯಲ್ಲಿ ಅರ್ಧ ತಾವೇ ತೆಗೆದುಕೊಂಡುಬಿಟ್ಟರು, ಆ ದೊಡ್ಡ ಮನುಷ್ಯರು. ಅದನ್ನು ಅವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದು ಪೂರ್ತಿ ನನ್ನದೇ.

ನೀನು ನೀರು ತಂದುಕೊಟ್ಟೆ. ನಿನ್ನ ಮುಖ ನೋಡಿ ಹೇಳಬೇಕೆಂದುಕೊಂಡದ್ದನ್ನು ಹೇಳದೆ, ಲೋಟ ವಾಪಸು ಕೊಟ್ಟು ಎದ್ದು ಬಂದೆ. ಅದಕ್ಕೇ ಈ ಕಾಗದ. ಕ್ಷಮಿಸು ಎಂದು ಬರೆಯಲು ಎರಡು ಸಲ ಹೋಗಿ ಎರಡು ಸಲವೂ ಹೊಡೆದುಹಾಕಿದೆ. ಕ್ಷಮಿಸಬೇಕೋ ಬೇಡವೋ ಅನ್ನುವುದು ನಿನಗೆ ಸೇರಿದ್ದು, ನಾನು ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು.

ಒಂದು ಸಂಗತಿ ಮಾತ್ರ ನಿಮ್ಮಪ್ಪನಿಗೂ ಹೇಳಲಿಲ್ಲ. ನಾನು ಮೊನ್ನೆ ನಿಮ್ಮ ಮನೆಯ ಹತ್ತಿರ ಬಂದಾಗ ಒಳಗಿನಿಂದ ಒಂದು ದನಿ ಕೇಳುತ್ತಿತ್ತು. ನೀನು ಅಜ್ಜಿಗೆ ಕಥೆ ಓದಿ ಹೇಳುತ್ತಿದ್ದೆ. ಒಬ್ಬ ಮುದುಕನ ದನಿ, ಒಂದು ಮೇಕೆಯ ದನಿ, ಮಧ್ಯೆ ಅಜ್ಜಿಯ ನಗು. ಎಷ್ಟು ಚೆನ್ನಾಗಿ ಓದುತ್ತೀ, ಮಗು! ದನಿ ದೊಡ್ಡದಾಗಿದೆ, ಗಟ್ಟಿಯಾಗಿದೆ, ಮೊದಲಿಗಿಂತ ಚೆನ್ನಾಗಿದೆ. ಬೇಲಿಯ ಹೊರಗೆ ನಿಂತು ಕೇಳಿದೆ. ಇನ್ನೂ ಸ್ವಲ್ಪ ಹತ್ತಿರದಿಂದ ಕೇಳೋಣವೆಂದು ಅಂಗಳಕ್ಕೆ ಕಾಲಿಟ್ಟೆ. ನನ್ನ ಚಪ್ಪಲಿ ಸದ್ದಾಯಿತು. ನೀನು ವಾಕ್ಯದ ನಡುವೆಯೇ ನಿಲ್ಲಿಸಿದೆ.

‘ಯಾಕವ್ವ ನಿಲ್ಲುಸ್ದೆ? ಓದು’ ಎಂದರು ಅಜ್ಜಿ.

‘ಯಾರೋ ಬಂದವ್ರೆ ಅಜ್ಜಿ’ ಎಂದೆ ನೀನು.

ಆ ಯಾರೋ ನಾನೇ, ಚೈತ್ರಾ. ಅಂದೂ ನಾನೇ, ಮೊನ್ನೆಯೂ ನಾನೇ.